ಬನದ ಮಣ್ಣು ತರಬಹುದಾ ಅಂತ ಕೇಳಿದವರಿಗೆ

ನೀವು ಕೇಳಿದ್ದು ಇಷ್ಟು: "ಅಕ್ಕಾ, ಬರುವ ತಿಂಗಳು ಮೆಲ್ಬರ್ನಿಗೆ ಬರುತ್ತಿದ್ದೇವೆ. ಮಗಳಿಗೆ ನಾಲ್ಕು ವರ್ಷ. ಅತ್ತೆ ನಾಗನ ಕಲ್ಲುಗಳಿರುವ ನಮ್ಮ ನಾಗಬನದ ಮಣ್ಣು ಒಂದು ಹಿಡಿ ಕಟ್ಟಿ ಕೊಡುತ್ತಾರಂತೆ. ಅಲ್ಲೇ ಹಿತ್ತಲಲ್ಲಿ ಕಲ್ಲಿಟ್ಟು ನಾಗರ ಪಂಚಮಿಗೆ ತನು (ಹಾಲು, ಸೀಯಾಳ) ಎರೆದರೆ ಮಗಳಿಗೂ ನಮ್ಮ ಸಂಸ್ಕೃತಿ ಗೊತ್ತಾಗುತ್ತದೆ ಅಲ್ವಾ? ತರಬಹುದಾ? ಮನೆ, ಶಾಲೆ, ಚಳಿ, ಎಲ್ಲದರ ಬಗ್ಗೆಯೂ ಹೇಳಿ."

ಮಣ್ಣು ತರಬೇಡಿ ಮಾರಾಯ್ರೆ. ಆಸ್ಟ್ರೇಲಿಯಾದ ಏರ್‌ಪೋರ್ಟಿನಲ್ಲಿ ಶೂಗೆ ಅಂಟಿದ ಕೆಸರನ್ನೂ ಬಿಡುವುದಿಲ್ಲ. ಬೀಜ, ಹಸಿ ಎಲೆ, ಹೂವು, ಹಣ್ಣು ಯಾವುದೂ ಬೇಡ. ಅರಿಸಿನ, ಕುಂಕುಮ, ಸಾರಿನ ಪುಡಿ ಇದ್ದರೆ ಫಾರ್ಮಿನಲ್ಲಿ ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಡಗಿಸಿದರೆ ದೊಡ್ಡ ದಂಡ. ಮನೆ ಸಿಗುತ್ತದೆ, ಬಾಡಿಗೆ ಜಾಸ್ತಿ. ಕುಚ್ಚಲಕ್ಕಿ ಡಾಂಡೆನಾಂಗ್ ಬಡಾವಣೆಯಲ್ಲಿ ಸಿಗುತ್ತದೆ. ಚಳಿ ಅಭ್ಯಾಸವಾಗುತ್ತದೆ. ಶಾಲೆ ಚೆನ್ನಾಗಿದೆ.

ಉಳಿದದ್ದು ನಿಮ್ಮ ಇನ್ನೊಂದು ಪ್ರಶ್ನೆ, ಮಗಳಿಗೆ ನಮ್ಮ ಸಂಸ್ಕೃತಿ ಗೊತ್ತಾಗುವುದು. ಅದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ನಾನು ಬಂದದ್ದು ಜುಲೈಯಲ್ಲಿ. ಊರಲ್ಲಿ ಆಟಿ, ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳು. ಅಮಾವಾಸ್ಯೆಯ ದಿನ ಅಮ್ಮ ಫೋನ್ ಮಾಡಿ "ಹಾಲೆಯ ಕಷಾಯ ಕುಡಿದಿಯಾ?" ಅಂತ ಕೇಳಿದಳು. ಅವಳಿಗೆ ನಾನು ಎಲ್ಲಿಗೆ ಬಂದಿದ್ದೇನೆ ಅಂತ ಇನ್ನೂ ಸರಿಯಾಗಿ ಮನಸ್ಸಿಗೆ ಹತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆದು, ಓಮ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿ ಕುಡಿಯುವ ಆ ಕಹಿ ನಿಮಗೆ ಗೊತ್ತೇ ಇದೆ. ಆಮೇಲೆ ಬಾಯಿಗೆ ಮೆಂತೆ ಗಂಜಿ. ತಿಂಗಳುಗಟ್ಟಲೆ ಮಳೆ ಹೊಡೆದು ಮೈ ತಣ್ಣಗಾಗಿ, ಹೊಟ್ಟೆ ಕೆಟ್ಟು ಕೂತ ಊರಿಗೆ ಅದು ಬೇಕು. ಇಲ್ಲಿ ಒಣ ಚಳಿ, ಹೀಟರು. ಅದೇ ಹಾಲೆಮರ ದೂರದ ಕ್ವೀನ್ಸ್‌ಲೆಂಡಿನ ಕಾಡಿನಲ್ಲೂ ಬೆಳೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು? ಮರ ಇದ್ದರೂ ಆಟಿ ಇಲ್ಲ.

ಪತ್ತನಾಜೆಯೂ ಹಾಗೆಯೇ. ಆ ದಿನ, ಮೇ ಕೊನೆಗೆ, ದೈವಗಳ ಕೋಲ (ವೇಷ ಹಾಕಿ ನಡೆಸುವ ಆರಾಧನೆ), ಯಕ್ಷಗಾನ ಎಲ್ಲ ನಿಲ್ಲಿಸುತ್ತೇವೆ, ಯಾಕೆಂದರೆ ಮಳೆ ಬರುತ್ತದೆ, ಗದ್ದೆ ಕೆಲಸ ಶುರುವಾಗುತ್ತದೆ. ಆ ಮಳೆ, ಆ ಗದ್ದೆ ಇಲ್ಲದ ಕಡೆ ಪತ್ತನಾಜೆ ಬರೀ ಕ್ಯಾಲೆಂಡರಿನ ತಾರೀಕು.

ಅಂದರೆ ಏನೂ ತರಲಾಗುವುದಿಲ್ಲ ಅಂತಲ್ಲ. ನೀರ್ದೋಸೆ ಬರುತ್ತದೆ. ಭಜನೆ ಬರುತ್ತದೆ. ಇಲ್ಲಿಯ ಮಕ್ಕಳು ಯಕ್ಷಗಾನದ ಹೆಜ್ಜೆ ಕಲಿತು ಊರಿನವರೇ ಬಾಯಿ ಬಿಡುವ ಹಾಗೆ ಕುಣಿಯುತ್ತಾರೆ, ಅದು ನನಗೆ ನಿಜವಾಗಿ ಹೆಮ್ಮೆ. ಗಣೇಶನನ್ನು ಎಲ್ಲಿ ಬೇಕಾದರೂ ಕೂರಿಸಿ, ವಿಸರ್ಜನೆ ಮಾಡಿ. ಆದರೆ ನಾಗನದ್ದು ಬೇರೆ, ದೈವದ್ದು ಬೇರೆ. ಅವರು ಆ ಜಾಗದವರು. ಸಂಘದ ಸ್ಟೇಜಿನಲ್ಲಿ ಕೋಲದ ವೇಷ ಹಾಕಿ ಕುಣಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ನಿಮಗೂ ಉರಿಯಬಹುದು.

ನಮ್ಮ ಕುಟುಂಬದ ಬನ ಕಾರ್ಕಳದ ಕಡೆ. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಹೋಗುವುದೆಂದರೆ ಬಗ್ಗಿಯೇ ಹೋಗಬೇಕು. ರೆಂಜೆ, ಸುರಗಿ, ಬೈನೆ, ಮರದಿಂದ ಮರಕ್ಕೆ ಬಳ್ಳಿಯ ಬೀಳು. ಕಾಲಡಿಯಲ್ಲಿ ಕೊಳೆತ ಎಲೆ, ನಡು ಮಧ್ಯಾಹ್ನವೂ ತಂಪು. ಒಣಗಿದ ಕಡ್ಡಿ ಬಿದ್ದಿದ್ದರೂ ಒಲೆಗೆ ತರುವ ಹಾಗಿಲ್ಲ. ನಾಲ್ಕು ಕಲ್ಲು, ಅದರ ಮೇಲೆ ಪಾಚಿ. ಪಂಚಮಿಗೆ ಅರಿಸಿನ, ಅಡಿಕೆಯ ಹಿಂಗಾರ, ಸೀಯಾಳ, ಹಾಲು. ಬನದ ಕೆಳಗೆ ಒಂದು ಕೆರೆ, ಅದರ ನೀರು ಬೇಸಗೆಯಲ್ಲೂ ಆರುತ್ತಿರಲಿಲ್ಲ.

ಕೆಲವು ವರ್ಷದ ಹಿಂದೆ ಜೀರ್ಣೋದ್ಧಾರ ಅಂತ ಎದ್ದಿತು. ಮುಂಬೈಯವರು, ದುಬೈಯವರು, ನಾವು, ಎಲ್ಲ ವಾಟ್ಸಾಪಿನಲ್ಲಿ ಸೇರಿದೆವು. ದುಡ್ಡಿಗೆ ಕಷ್ಟವಾಗಲಿಲ್ಲ. ದೊಡ್ಡಮ್ಮ ಒಬ್ಬರೇ "ಮರ ಕಡಿದರೆ ನಾಗ ಎಲ್ಲಿರುವುದು?" ಅಂತ ಕೇಳಿದ್ದರಂತೆ. ಊರಲ್ಲಿ ಇದ್ದದ್ದು ಅವರೊಬ್ಬರು. ಮೀಟಿಂಗಿನಲ್ಲಿ ಇದ್ದದ್ದು ನಾವೆಲ್ಲ. ಈಗ ಅಲ್ಲಿ ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ತಗಡಿನ ಮಾಡು. ಕಾರು ಹತ್ತಿರದವರೆಗೆ ಹೋಗುತ್ತದೆ. ಗೋಡೆಯಲ್ಲಿ ದಾನಿಗಳ ಹೆಸರು, ನನ್ನ ಹೆಸರಿನ ಮುಂದೆ ಮೆಲ್ಬರ್ನ್ ಅಂತ. ಮಧ್ಯಾಹ್ನ ಕಾಲಿಟ್ಟರೆ ಸುಡುತ್ತದೆ. ಕೆರೆ ಮಾರ್ಚಿಗೇ ಬತ್ತುತ್ತದೆ.

ಹೊರಗಿದ್ದವರಿಗೆ ಬನ ಅಂದರೆ ಫೋಟೋ, ತಂಬಿಲದ (ನಾಗ, ದೈವಗಳಿಗೆ ಮಾಡಿಸುವ ಸೇವೆ) ರಶೀದಿ. ಅಲ್ಲಿದ್ದವರಿಗೆ ಅದು ನೀರು, ನೆರಳು, ಭಯ. ನಾವು ನಮ್ಮ ಫೋಟೋಗೆ ಚಂದ ಆಗುವ ಹಾಗೆ ಕಟ್ಟಿಸಿದೆವು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ.

ಇನ್ನೊಂದು ವಿಷಯ. ನೀವು ಬರುತ್ತಿರುವುದು ಖಾಲಿ ಜಾಗಕ್ಕಲ್ಲ. ಇಲ್ಲಿ ಶಾಲೆಯ ಸಭೆ ಶುರುವಾಗುವಾಗ ಈ ನೆಲದ ಮೂಲದವರಾದ ವುರುಂಡ್ಜೆರಿ ಜನರ ಹೆಸರು ಹೇಳಿ, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತಾರೆ. ನಾನಿರುವ ಪೂರ್ವದ ಬಡಾವಣೆಗಳೆಲ್ಲ ಅವರ ನೆಲ. ಮೊದಮೊದಲು ಸುಮ್ನೆ ಬಾಯಿಪಾಠ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕಲ್ಲ, ಏಳು ಕಾಲ. ಮಾರ್ಚಿನಲ್ಲಿ ಈಲ್ ಮೀನಿನ ಕಾಲ, ಮುಂದೆ ಆರ್ಕಿಡ್ ಹೂವಿನ ಕಾಲ, ಗೊದಮೊಟ್ಟೆಯ ಕಾಲ. ನಮ್ಮ ತುಳು ತಿಂಗಳುಗಳಾದ ಆಟಿ, ಸೋಣ, ಸುಗ್ಗಿಯ ಹಾಗೆ ಈ ನೆಲಕ್ಕೇ ಹೊಂದುವ ಲೆಕ್ಕ. ನಾವು ಯಾರ್ರಾ ಅನ್ನುವ ಹೊಳೆಗೆ ಅವರು ಬಿರ‍್ರಾರಂಗ್ ಅನ್ನುತ್ತಾರೆ.

ಮಣ್ಣಿನ ವಿಷಯಕ್ಕೂ ಇಲ್ಲಿ ಒಂದು ಕಥೆ ಉಂಟು. ಮರಳುಗಾಡಿನ ಉಲುರು ಬಂಡೆಗೆ ಹೋದವರು ನೆನಪಿಗೆ ಅಂತ ಕಲ್ಲು, ಕೆಂಪು ಮರಳು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಕೆಲವರು ವರ್ಷಗಳ ನಂತರ ಕ್ಷಮೆ ಕೇಳಿ ಕಾಗದ ಬರೆದು ಅದನ್ನು ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಆ ಬಂಡೆ ಅಲ್ಲಿಯ ಮೂಲದವರಾದ ಅನಂಗು ಜನರಿಗೆ ಪವಿತ್ರ. ಹತ್ತಬೇಡಿ ಅಂತ ಅವರು ಬಹಳ ಕಾಲ ಕೇಳಿಕೊಂಡ ಮೇಲೆ 2019ರ ಅಕ್ಟೋಬರ್ 26ಕ್ಕೆ ಹತ್ತುವುದು ನಿಂತಿತು. ಅತ್ತೆಗೆ ಇದನ್ನು ಹೇಳಿ, ಅವರಿಗೆ ಬೇಗ ಅರ್ಥವಾಗುತ್ತದೆ.

ಎಡ್ಡಿ ಮಾಬೊ ಬಗ್ಗೆಯೂ ಓದಿ. ಆಸ್ಟ್ರೇಲಿಯಾದ ಉತ್ತರ ತುದಿಯ ಟಾರೆಸ್ ಜಲಸಂಧಿಯ ಮೆರ್ ದ್ವೀಪದವರು. ಬದುಕಿದ್ದು ಟೌನ್ಸ್‌ವಿಲ್‌ನಲ್ಲಿ, ಯೂನಿವರ್ಸಿಟಿಯ ತೋಟದ ಕೆಲಸ. ತನ್ನ ಮನೆತನದ ಜಾಗ ಎಲ್ಲಿಂದ ಎಲ್ಲಿಗೆ ಅಂತ ಅವರಿಗೆ ಗೊತ್ತಿತ್ತು, ಕಾನೂನಿನ ಪ್ರಕಾರ ಮಾತ್ರ ಅದು ಸರ್ಕಾರದ್ದು. ತಂದೆಗೆ ಹುಷಾರಿಲ್ಲದಾಗ ದ್ವೀಪಕ್ಕೆ ಹೋಗಲು ಅಧಿಕಾರಿಗಳು ಬಿಡಲಿಲ್ಲ. 1982ರಲ್ಲಿ ಕೋರ್ಟಿಗೆ ಹೋದರು. 1992ರ ಜೂನ್ 3ರಂದು ಹೈಕೋರ್ಟ್ (ಇಲ್ಲಿ ಅದೇ ದೇಶದ ಅತಿ ದೊಡ್ಡ ಕೋರ್ಟ್) ಮೆರ್ ಜನರ ಹಕ್ಕು ಒಪ್ಪಿತು, ಬಿಳಿಯರು ಬರುವ ಮೊದಲು ಈ ನೆಲ ಯಾರದ್ದೂ ಆಗಿರಲಿಲ್ಲ ಅನ್ನುವ ಹಳೆಯ ವಾದ ಬಿದ್ದುಹೋಯಿತು. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಊರು ಬಿಟ್ಟಿದ್ದ ಆ ಮನುಷ್ಯನಿಗೆ ಗಡಿ ಮರೆತಿರಲಿಲ್ಲ, ಊರಲ್ಲಿದ್ದವರಿಗೂ ಅವರು ಯಾವ ಜಾಗದವರು ಅಂತ ಗೊತ್ತಿತ್ತು. ನಮ್ಮ ಕುಟುಂಬದಲ್ಲಿ ಆ ಗಡಿ ಹೇಳಬಲ್ಲವರು ದೊಡ್ಡಮ್ಮ ಒಬ್ಬರೇ.

ಹಾಗಾಗಿ ಹೊರಡುವ ಮೊದಲು ಪ್ಯಾಕಿಂಗ್ ಗಂಡನಿಗೆ ಬಿಟ್ಟು ನೀವು ಮಗಳನ್ನು ಬನಕ್ಕೆ ಕರೆದುಕೊಂಡು ಹೋಗಿ. ಚಪ್ಪಲಿ ತೆಗೆಸಿ. ಅವಳಿಗೆ ಯಾವ ಕಡೆಯ ಬನ, ಯಾವ ಕಡೆಯ ದೈವ ಅಂತ ಅತ್ತೆ, ಅಮ್ಮ ಇಬ್ಬರನ್ನೂ ಕೂರಿಸಿ ಕೇಳಿ ಬರೆದಿಟ್ಟುಕೊಳ್ಳಿ (ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನವರಾದರೆ ಅದಕ್ಕೇ ಒಂದು ಮಧ್ಯಾಹ್ನ ಬೇಕು). ತಂಬಿಲ ಮಾಡಿಸುವವರ ಫೋನ್ ನಂಬರು ತೆಗೆದುಕೊಳ್ಳಿ. ಬನದಲ್ಲಿ ಇನ್ನೂ ಮರ ಇದ್ದರೆ, ಜೀರ್ಣೋದ್ಧಾರದ ಮಾತು ಬಂದಾಗ ದುಡ್ಡು ಹಾಕುವ ಮೊದಲು ಅಲ್ಲೇ ಇರುವವರನ್ನು ಕೇಳಿ. ಇಲ್ಲಿ ಪಂಚಮಿಗೆ ದೇವರ ಮುಂದೆ ದೀಪ ಹಚ್ಚಿ, ಊರಿನಲ್ಲಿ ನಿಮ್ಮ ಹೆಸರಿನಲ್ಲಿ ತನು ಎರೆಯಲು ಹೇಳಿ. ಅಷ್ಟು ಸಾಕು. ಕಡುಬಿಗೆ ಅರಿಸಿನ ಎಲೆ ಬೇಕಾದರೆ ನನ್ನ ಹತ್ತಿರ ಕುಂಡದಲ್ಲಿ ಇದೆ, ಆದರೆ ಆ ಹೊತ್ತಿಗೆ ಇಲ್ಲಿ ಚಳಿಗಾಲ, ಗಿಡ ಮಲಗಿರುತ್ತದೆ. ಫೆಬ್ರವರಿಯಲ್ಲಿ ಕೊಯ್ದು ಫ್ರೀಜರಿನಲ್ಲಿ ಇಟ್ಟದ್ದನ್ನು ಕೊಡುತ್ತೇನೆ.

ಶಾಲೆಗೆ ದೊಡ್ಡ ರಜೆ ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಊರಲ್ಲಿ ಕೋಲ, ತಂಬಿಲ ನಡೆಯುವ ಕಾಲವೂ ಹೌದು. ಆ ಟಿಕೆಟನ್ನು ಜುಲೈಯಲ್ಲೇ ನೋಡಿ, ತಡವಾದರೆ ದರ ಸಿಕ್ಕಾಪಟ್ಟೆ ಏರುತ್ತದೆ.