ಮಾಷ್ಟ್ರಲ್ಲಿ ಕೇಳಿ: ರಾಕೆಟ್ಟಿಗೆ ದುಡ್ಡಿದೆ, ನಮಗೆ?

ಇಸ್ರೋಗೆ ಇನ್ನಷ್ಟು ದುಡ್ಡು ಕೊಡಬೇಕು ಎಂದು ಕಳೆದ ಸಲ ಇದೇ ಪುಟದಲ್ಲಿ ಬರೆದಿದ್ದೆ. ಪತ್ರಗಳು ಜಾಸ್ತಿಯೇ ಬಂದಿವೆ. ಹೊಗಳಿದವರಿಗೆ ಇಲ್ಲಿಂದಲೇ ನಮಸ್ಕಾರ. ಬೈದವರಿಗೆ ಮೊದಲು ಉತ್ತರ.

ಚಂದ್ರಯಾನ-3ಕ್ಕೆ 615 ಕೋಟಿ. ಎಂಡೋಸಲ್ಫಾನ್ ಮಕ್ಕಳ ಅಮ್ಮಂದಿರು ಮಾತ್ರ ಪರಿಹಾರಕ್ಕಾಗಿ ಬೀದಿಯಲ್ಲಿ ಕೂರಬೇಕು. ಇದನ್ನು ನೋಡಿಯೂ ರಾಕೆಟ್ ಪರ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?
– ಓದುಗರೊಬ್ಬರು, ಪೆರ್ಲ

ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವ ಹೆಲಿಕಾಪ್ಟರಿನ ಸದ್ದು ಕೇಳಿದರೆ ಪಾಠ ನಿಲ್ಲಿಸಿ ಕಿಟಕಿ ಹಾಕಿಸುತ್ತಿದ್ದವ ನಾನು. ಬಾವಿಗೆ ಮಡಲು ಮುಚ್ಚಿ ಬರಲು ಹುಡುಗರು ಮನೆಗೆ ಓಡುತ್ತಿದ್ದರು. ಹಾಗಾಗಿ ನಿಮ್ಮ ಸಿಟ್ಟು ನನಗೆ ಹೊಸತಲ್ಲ.

ಲೆಕ್ಕದ ಮಾಷ್ಟ್ರಾಗಿದ್ದವ, ಲೆಕ್ಕ ಹಾಕಿಯೇ ಬಿಡುತ್ತೇನೆ. ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ, ಅದೂ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಜನರಲ್ಲಿ ದುಡ್ಡು ಮುಟ್ಟಿದ್ದು ಎಂಟು ಮಂದಿಗೆ! ಅಷ್ಟೂ ಜನರಿಗೆ ಕೊಟ್ಟರೂ 185 ಕೋಟಿ ಚಿಲ್ಲರೆ. ಚಂದ್ರಯಾನದ ಮೂರರಲ್ಲೊಂದು ಪಾಲೂ ಆಗುವುದಿಲ್ಲ.

ಲೆಕ್ಕ ನಿಮ್ಮ ಪರವಾಗಿಯೇ ಬಂತು, ಅಲ್ವಾ? ಆದರೆ ಕೊಡಬೇಕಾಗಿದ್ದದ್ದು ಕೇರಳ ಸರಕಾರ. ಇಸ್ರೋದ ದುಡ್ಡು ಬರುವುದು ದಿಲ್ಲಿಯಿಂದ. ಚಂದ್ರಯಾನ ಹಾರದೆ ಇದ್ದಿದ್ದರೆ ಆ 615 ಕೋಟಿ ಪೆರ್ಲದ ಬಸ್ಸು ಹತ್ತುತ್ತಿರಲಿಲ್ಲ. ಕೋರ್ಟು ಗದರಿದ ಮೇಲೆ ದುಡ್ಡು ಹೊರಟಿತಲ್ಲ, ಅದಕ್ಕೆ ಯಾವ ರಾಕೆಟ್ಟನ್ನೂ ನಿಲ್ಲಿಸಬೇಕಾಗಿ ಬರಲಿಲ್ಲ.

ನನಗೆ ಕಾಣುವುದು ಬೇರೆ. ರಾಕೆಟ್ಟಿಗೆ ಒಂದು ತಾರೀಕು ಇರುತ್ತದೆ, ಅದನ್ನು ಊರೆಲ್ಲ ಕಾಯುತ್ತದೆ. 2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಬದಿಯಡ್ಕದ ಹೋಟೆಲೊಂದರಲ್ಲಿ ಟಿವಿ ನೋಡುತ್ತಿದ್ದೆವು. ಎದುರಿಗಿದ್ದ ಚಾ ಕೆನೆ ಕಟ್ಟಿದರೂ ಯಾರೂ ಮುಟ್ಟಲಿಲ್ಲ. ಬಿಲ್ಲು ಬರೆಯುವವನೂ ಪೆನ್ನು ಹಿಡಿದು ನಿಂತಿದ್ದ. ಪರಿಹಾರದ ಫೈಲು ಎಲ್ಲಿಗೆ ಮುಟ್ಟಿತು ಎಂದು ನಾವು ಯಾವತ್ತಾದರೂ ಹಾಗೆ ಕಾದದ್ದುಂಟಾ? ಯಾರೂ ಕಾಯದ ಫೈಲಿಗೆ ಅವಸರ ಇರುವುದಿಲ್ಲ. ನನ್ನ ತಕರಾರು ಇಷ್ಟೇ.

ಇಸ್ರೋಗೆ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ? ಅಷ್ಟು ಕೊಟ್ಟರೂ ಮದ್ದು ಬಿಡುವ ದಿನ ಮಳೆ ಬರುತ್ತೋ ಇಲ್ವೋ ಅಂತ ಹೇಳುವವರಿಲ್ಲ.
– ಅಡಿಕೆ ಕೃಷಿಕರು, ಮುಳ್ಳೇರಿಯ

2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು 13,416 ಕೋಟಿ. ಒಟ್ಟು ಬಜೆಟ್ಟು 50.65 ಲಕ್ಷ ಕೋಟಿ. ಅಂದರೆ ಸಾವಿರಕ್ಕೆ ಎರಡು ರೂಪಾಯಿ 65 ಪೈಸೆ. ದೇಶದ ಜನರಿಗೆಲ್ಲ ಹಂಚಿದರೆ ವರ್ಷಕ್ಕೆ ತಲೆಗೆ ನೂರು ರೂಪಾಯಿಯೊಳಗೆ. ಆ ದುಡ್ಡಿಗೆ ಈಗ ಕಾಲು ಕಿಲೋ ಚಾಲಿ ಅಡಿಕೆ ಕೂಡ ಬರುವುದಿಲ್ಲ. ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು ಇದರ ಏಳು ಪಟ್ಟಿಗೂ ಹೆಚ್ಚು.

ಮಳೆಯ ವಿಷಯ ನೀವು ಹೇಳಿದ್ದು ನಿಜ. ಮೈಲುತುತ್ತು, ಸುಣ್ಣ ಕಲಸಿ, ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಿ, ಮರ ಹತ್ತುವವರು ಬಂದು ನಿಂತ ಹೊತ್ತಿಗೆ ಸರಿಯಾಗಿ ಮೋಡ ಕವಿಯುತ್ತದೆ. ಮದ್ದು ಗೊನೆಯಲ್ಲಿ ಒಣಗದಿದ್ದರೆ ಅಷ್ಟೂ ದಂಡ.

2024ರ ಫೆಬ್ರವರಿಯಲ್ಲಿ ಇನ್ಸಾಟ್-3ಡಿಎಸ್ ಎಂಬ ಹವಾಮಾನ ಉಪಗ್ರಹ ಹೋಯಿತು. ಅದರ ಖರ್ಚು ಕೊಟ್ಟದ್ದು ಭೂವಿಜ್ಞಾನ ಸಚಿವಾಲಯ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಡೀ ಅರಬ್ಬೀ ಸಮುದ್ರದ ಮೋಡ ಅದಕ್ಕೆ ಕಾಣುತ್ತದೆ. ಚಂಡಮಾರುತಕ್ಕೆ ಅಷ್ಟು ಸಾಕು. 1999ರ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಚಂಡಮಾರುತದಲ್ಲಿ ಸತ್ತವರು ಐವತ್ತರೊಳಗೆ. ಆಗಿನ ಉಪಗ್ರಹಗಳು ಮೊದಲೇ ತೋರಿಸಿದವು, ಸರಕಾರ ಲಕ್ಷಗಟ್ಟಲೆ ಜನರನ್ನು ಹೊತ್ತಿಗೆ ಮುಂಚೆ ಎಬ್ಬಿಸಿ ಕಳಿಸಿತು, ಎರಡೂ ಸೇರಿ ಆದ ಕೆಲಸ ಅದು. ನಿಮ್ಮ ತೋಟಕ್ಕೆ ಹತ್ತು ಗಂಟೆಯಿಂದ ಹನ್ನೆರಡರೊಳಗೆ ಮಳೆ ಉಂಟಾ ಎಂದು ಹೇಳಲು ಮಾತ್ರ ನೆಲದ ಮೇಲೆ ರೇಡಾರು ಬೇಕು, ಹತ್ತಿರ ಹತ್ತಿರ ಮಳೆಮಾಪಕ ಬೇಕು. ಓಟು ಕೇಳಲು ಬಂದವರ ಹತ್ತಿರ ಅದನ್ನು ಕೇಳಿ. ಹಾರ, ಶಾಲು ಆಮೇಲೆ.

ಅಮೆರಿಕದವರು ಚಂದ್ರನಿಗೆ ಹೋದಾಗ ಅಲ್ಲಿನ ಜನರೆಲ್ಲ ಬೆಂಬಲ ಕೊಟ್ಟಿದ್ದರಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಕುಂಬಳೆ

ಇಲ್ಲ ಮಗಳೇ. ಆ ಕಾಲದ ಸಮೀಕ್ಷೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಖರ್ಚು ಅತಿಯಾಯಿತು ಎಂದೇ ಹೇಳುತ್ತಿದ್ದರು. 1966ರಲ್ಲಿ ನಾಸಾಕ್ಕೆ ಹೋದದ್ದು ಕೇಂದ್ರ ಬಜೆಟ್ಟಿನ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಈಗ ನೂರಕ್ಕೆ ಅರ್ಧವೂ ಇಲ್ಲ.

ಅಪೋಲೋ-11 ಚಂದ್ರನತ್ತ ಹೊರಡುವ ಹಿಂದಿನ ದಿನ, 1969ರ ಜುಲೈ 15ರಂದು, ರಾಲ್ಫ್ ಅಬರ್ನಥಿ ಎಂಬ ಕಪ್ಪು ಜನರ ನಾಯಕ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಯ ಗಾಡಿ ಹೊಡೆಸಿಕೊಂಡು ರಾಕೆಟ್ ಕೇಂದ್ರದ ಗೇಟಿಗೆ ಬಂದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರೊಂದಿಗೆ ಮಾತಾಡಿದರು. ನಾಳೆ ಬಟನ್ ಒತ್ತದೆ ಇದ್ದರೆ ಬಡತನ ಹೋಗುವುದಾದರೆ ನಾವು ಒತ್ತುವುದಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಆ ಕುಟುಂಬಗಳಿಗೆ ಉಡಾವಣೆ ನೋಡಲು ಪಾಸು ಕೊಟ್ಟರು. ಅಬರ್ನಥಿ ಗಗನಯಾತ್ರಿಗಳಿಗಾಗಿ ಪ್ರಾರ್ಥಿಸಿದರು. ಬೇಡಿಕೆ ಮಾತ್ರ ಬಿಡಲಿಲ್ಲ. ನನಗೆ ಇಷ್ಟವಾದ ಪ್ರತಿಭಟನೆ ಅದು. ಅಂದ ಹಾಗೆ, ಅಪೋಲೋ 18, 19, 20 ಹಾರಲೇ ಇಲ್ಲ. 1970ರಲ್ಲೇ ಅವುಗಳಿಗೆ ಕತ್ತರಿ ಬಿತ್ತು.

ರಾಕೆಟ್ ಸಮುದ್ರಕ್ಕೆ ಬಿದ್ದರೆ ಯಾರು ಕೇಳುವುದು?
– ನೀರ್ಚಾಲು

ನಾವೇ ಕೇಳಬೇಕು. 2021ರಲ್ಲಿ ಜಿಎಸ್‌ಎಲ್‌ವಿ-ಎಫ್10 ಕೆಟ್ಟಾಗ ಹೈಡ್ರೋಜನ್ ಟ್ಯಾಂಕಿನ ವಾಲ್ವ್ ಸೋರಿತ್ತು ಎಂದು ಇಸ್ರೋ ಬಿಡಿಸಿ ಹೇಳಿತ್ತು. 2025ರ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಒತ್ತಡ ಇಳಿದು ಉಪಗ್ರಹ ಹೋಯಿತು. ಪ್ರತಿ ಸಲವೂ ಪೂರ್ತಿ ವರದಿ ಜನರ ಕೈಗೆ ಸಿಗಬೇಕು. ಚಪ್ಪಾಳೆಗೆ ಕರೆದ ಮೇಲೆ ಲೆಕ್ಕಕ್ಕೂ ಕರೆಯಬೇಡವೇ?

ಉಪಗ್ರಹದಿಂದ ಮೀನು ಕಾಣುತ್ತದಂತೆ, ಹೌದಾ?
– ದೋಣಿಯವರು, ಮಂಜೇಶ್ವರ

ಮೀನು ಕಾಣುವುದಿಲ್ಲ, ನೀರಿನ ಬಿಸಿ ಮತ್ತು ಬಣ್ಣ ಕಾಣುತ್ತದೆ. ತಣ್ಣೀರು, ಬೆಚ್ಚನೆ ನೀರು ಕೂಡುವಲ್ಲಿ ಪಾಚಿಯಂಥ ಸಣ್ಣ ಜೀವಿಗಳು ಜಾಸ್ತಿ. ಅದನ್ನು ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ, ಅವುಗಳ ಹಿಂದೆ ದೊಡ್ಡ ಮೀನು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಆ ಜಾಗಗಳ ಸೂಚನೆ ಕೊಡುತ್ತದೆ, ಕನ್ನಡದಲ್ಲೂ ಸಿಗುತ್ತದೆ, ದುಡ್ಡಿಲ್ಲ. ಮಳೆಗಾಲದಲ್ಲಿ ಮಾತ್ರ ಮೋಡ ಅಡ್ಡ ಬರುತ್ತದೆ. ಟ್ರಾಲಿಂಗ್ ನಿಷೇಧ ಮುಗಿದು ಆಕಾಶ ತಿಳಿಯಾದ ಮೇಲೆ ನೋಡಿ.