ಶಾಲೆಯ ಬಾಗಿಲಿನಿಂದ ಪರೀಕ್ಷಾ ಕೊಠಡಿಯವರೆಗೆ: ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಶಾಲೆ ಶುರುವಾಗುವ ಹೊತ್ತಿಗೆ ಪೋಷಕರಿಂದಲೂ ಶಿಕ್ಷಕರಿಂದಲೂ ಬರುವ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಕೈ ಹಿಡಿದುಕೊಂಡರೆ ನಡೆಯುತ್ತಾನೆ. ಮಾತು ಸ್ಪಷ್ಟವಿಲ್ಲ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ನಮ್ಮೂರ ಶಾಲೆಯಲ್ಲಿ ‘ಮೊದಲು ಅಂಗವಿಕಲರ ಸರ್ಟಿಫಿಕೇಟ್ ತನ್ನಿ, ಇಲ್ಲವೇ ವಿಶೇಷ ಶಾಲೆಗೆ ಸೇರಿಸಿ, ಅದೂ ಆಗದಿದ್ದರೆ ಮನೆಯಲ್ಲೇ ಪಾಠ ಮಾಡಿಸಿಕೊಳ್ಳಿ’ ಎನ್ನುತ್ತಾರೆ. ಏನು ಮಾಡಲಿ?
— ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಪ್ರಮಾಣಪತ್ರ ಇಲ್ಲವೆಂದು ದಾಖಲಾತಿ ತಡೆಯುವಂತಿಲ್ಲ, ಅಮ್ಮ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು ಎನ್ನುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು ಎನ್ನುವುದು 31ನೇ ಕಲಂ. ಆಯ್ಕೆ ನಿಮ್ಮದು, ಶಾಲೆಯದಲ್ಲ. ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣವೂ ಹಾಗೆಯೇ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅದನ್ನು ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಕ್ಕಳಿಗೆ ಇರುವ ಹಕ್ಕು ಎಂದು ಬರೆದಿದೆ. ಮಗುವನ್ನು ಶಾಲೆಯಿಂದ ಹೊರಗಿಡಲು ಅದನ್ನು ನೆಪ ಮಾಡುವುದು ತಪ್ಪು. ಹಿಡಿದರೆ ನಡೆಯುವ, ಹೇಳಿದ್ದು ಅರ್ಥವಾಗುವ ಮಗು ಓರಗೆಯವರ ನಡುವೆ ಕೂರಬೇಕು ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ದಾಖಲಾತಿ ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದವರು ಸ್ವೀಕೃತಿ ಕೇಳಿದಾಗ ಸಾಮಾನ್ಯವಾಗಿ ಮೆತ್ತಗಾಗುತ್ತಾರೆ. ಆಮೇಲೂ ಒಪ್ಪದಿದ್ದರೆ ಅದೇ ಪ್ರತಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಿ. ಅಲ್ಲಿಯೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಬರೆಯಬಹುದು. ಮಗ ವಯಸ್ಸಿಗೆ ತಕ್ಕ ತರಗತಿಗೇ ಸೇರಬೇಕು. ಏಳು ವರ್ಷದವನನ್ನು ಅಂಗನವಾಡಿಗೆ ಕಳಿಸಿ ಎಂದರೆ ಒಪ್ಪಬೇಡಿ.

ಸೇರಿಸಿದ ಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳ ಹೊಣೆ ಅವರದು. ವೈದ್ಯಕೀಯ ತಪಾಸಣಾ ಶಿಬಿರ ಯಾವಾಗ, ಫಿಸಿಯೋಥೆರಪಿ ಯಾವ ವಾರ ಎಂಬುದೆಲ್ಲ ಅವರಲ್ಲೇ ಸಿಗುತ್ತದೆ.

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಯನ್ನು ಇದರ ಜೊತೆಜೊತೆಗೇ ಸ್ವಾವಲಂಬನ್ ಜಾಲತಾಣದಲ್ಲಿ ಹಾಕಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಕೆಡುವುದು ಎರಡು ಕಡೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು ಇದ್ದರೆ ಮುಂದೆ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಇನಿಷಿಯಲ್ ವ್ಯತ್ಯಾಸವೂ ಸಾಕು. ಇನ್ನೊಂದು, ಸೈಬರ್ ಸೆಂಟರಿನವರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಆಸ್ಪತ್ರೆಗೆ ಬರಬೇಕಾದ ದಿನದ ಸಂದೇಶ ಅವರಿಗೆ ಹೋಗುತ್ತದೆ, ನಿಮಗಲ್ಲ. ನಿಮ್ಮ ಸಂಖ್ಯೆಯನ್ನೇ ಹಾಕಿಸಿ. ಮಕ್ಕಳ ಪ್ರಮಾಣಪತ್ರ ಬಹಳ ಸಲ ತಾತ್ಕಾಲಿಕವಾಗಿರುತ್ತದೆ. ಅದರ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯದ ಮೂವರು ಮಕ್ಕಳಿದ್ದಾರೆ. ತಲಾ 3,500 ರೂಪಾಯಿ ಬರುತ್ತದೆ ಎಂದು ಕೇಳಿದ್ದೇವೆ. ಶಾಲೆಯ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಪೋಷಕರು ನಮ್ಮನ್ನೇ ಅನುಮಾನದಿಂದ ನೋಡುತ್ತಿದ್ದಾರೆ.
— ಮುಖ್ಯ ಶಿಕ್ಷಕರು, ಉತ್ತರ ಕನ್ನಡ

ಉತ್ತರ: ಆ 3,500 ರೂಪಾಯಿ ಶಾಲೆಗೋ ಪೋಷಕರಿಗೋ ಕೈಗೆ ಸಿಗುವ ನಗದು ಅಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ ಅಷ್ಟು ಎಂದು ಲೆಕ್ಕ ಹಾಕಿ ರಾಜ್ಯಕ್ಕೆ ಬರುವ ಮೊತ್ತ ಅದು. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ತಪಾಸಣಾ ಶಿಬಿರ, ಸಾಧನ ಸಲಕರಣೆ, ಬ್ರೈಲ್ ಮತ್ತು ದೊಡ್ಡಕ್ಷರದ ಪುಸ್ತಕ, ಥೆರಪಿ, ಗೃಹಾಧಾರಿತ ಶಿಕ್ಷಣ, ಶಿಕ್ಷಕರ ತರಬೇತಿ ಎಲ್ಲವೂ ಅದರಿಂದಲೇ ನಡೆಯಬೇಕು. ಪೋಷಕರ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದರೆ ಅನುಮಾನ ತಾನಾಗಿ ಕರಗುತ್ತದೆ.

ಮಗುವಿನ ಹೆಸರಿಗೇ ಬ್ಯಾಂಕಿಗೆ ಬರುವ ಹಣ ಬೇರೆ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳಿಗೆ 2,000 ರೂಪಾಯಿ ಪ್ರೋತ್ಸಾಹಧನವಿದೆ. ಪ್ರಯಾಣ ಭತ್ಯೆ, ಕರೆದುಕೊಂಡು ಬರುವವರಿಗೆ ಬೆಂಗಾವಲು ಭತ್ಯೆ, ದೃಷ್ಟಿದೋಷದ ಮಕ್ಕಳಿಗೆ ಓದಿ ಹೇಳುವವರ ಭತ್ಯೆ, ಇವೂ ಆ ವರ್ಷ ಮಂಜೂರಾದ ಯೋಜನೆಯಂತೆ ಸಿಗುತ್ತವೆ. ನಿಮ್ಮ ಮೂವರಿಗೆ ಯಾವುದು ಅನ್ವಯವೆಂದು ಬಿಐಇಆರ್‌ಟಿ ಜೊತೆ ಕೂತು ಮಗುವಾರು ಪಟ್ಟಿ ಮಾಡಿ.

ಹಣ ಬಾರದಿರಲು ಕಾರಣ ಹುಡುಕುವವರು ಬೆಂಗಳೂರಿನವರೆಗೆ ಹೋಗುತ್ತಾರೆ. ಅನೇಕ ಸಲ ಕಾರಣ ಶಾಲೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಮುಂದಿನ ವರ್ಷದ ವಾರ್ಷಿಕ ಯೋಜನೆ ತಯಾರಾಗುವುದು ಶಾಲೆಗಳ ಮಾಹಿತಿ ದಾಖಲಿಸುವ ಯುಡೈಸ್ ಪ್ಲಸ್ ಜಾಲತಾಣದಲ್ಲಿ ನೀವು ತುಂಬಿದ ವಿವರದ ಮೇಲೆ. ಅಲ್ಲಿ ವೈಕಲ್ಯದ ಕಾಲಂ ಖಾಲಿ ಬಿಟ್ಟಿದ್ದರೆ ಯೋಜನೆಯ ಮಟ್ಟಿಗೆ ಆ ಮಗು ಇಲ್ಲವೇ ಇಲ್ಲ. ನಿಧಾನವಾಗಿ ಕಲಿಯುವ ಮಗುವನ್ನೆಲ್ಲ ‘ಬೌದ್ಧಿಕ ವೈಕಲ್ಯ’ ಎಂದು ಗುರುತಿಸಿಬಿಡುವುದು ಇದಕ್ಕೆ ವಿರುದ್ಧವಾದ ತಪ್ಪು. ಅನುಮಾನವಿದ್ದರೆ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್‌ನಲ್ಲಿ ಶಿಕ್ಷಕರಿಗಿರುವ ಪ್ರಶ್ನಾವಳಿ ತುಂಬಿ, ಎರಡನೇ ಹಂತವನ್ನು ವಿಶೇಷ ಶಿಕ್ಷಕರಿಗೆ ಬಿಡಿ. ಅದು ಬರೀ ಮೊದಲ ಜರಡಿ, ರೋಗನಿರ್ಣಯವಲ್ಲ.

ಖಾತೆಯದು ಇನ್ನೊಂದು ತೊಡಕು. ಖಾತೆ ಇದೆ, ಆಧಾರ್ ಕೊಟ್ಟಿದ್ದೇವೆ, ಆದರೂ ಹಣ ವಾಪಸ್ ಹೋಯಿತು ಎನ್ನುವವರು ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದೇ ಕೇಳಬೇಕು. ಆಧಾರ್ ಪ್ರತಿ ಕೊಡುವುದು ಒಂದು, ನೇರ ವರ್ಗಾವಣೆಗೆ ಖಾತೆ ಜೋಡಿಸುವುದು ಇನ್ನೊಂದು. ವರ್ಷಗಟ್ಟಲೆ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಯನ್ನೂ ಮೊದಲೇ ಚಾಲ್ತಿ ಮಾಡಿಸಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಶಿಬಿರದಲ್ಲಿ ಎರಡೂ ಕಿವಿಗೆ ಶ್ರವಣ ಸಾಧನ ಕೊಟ್ಟರು. ಒಂದು ತಿಂಗಳು ಹಾಕಿಕೊಂಡಳು, ಈಗ ಕಿತ್ತು ಗೂಡಿನಲ್ಲಿಡುತ್ತಾಳೆ. ‘ಕುಂಯ್ ಅನ್ನುತ್ತೆ’ ಅನ್ನುತ್ತಾಳೆ. ಗದರಿದರೂ ಕೇಳಳು.
— ತಂದೆ, ಹಾವೇರಿ ಜಿಲ್ಲೆ

ಉತ್ತರ: ಗದರಬೇಡಿ. ಮಗಳು ನಿಜವನ್ನೇ ಹೇಳುತ್ತಿದ್ದಾಳೆ. ಸಾಧನದಿಂದ ಹೊರಟ ಸದ್ದು ಕಿವಿಯಿಂದ ಸೋರಿ ಮತ್ತೆ ಮೈಕಿಗೆ ಹೊಕ್ಕಾಗ ಆ ಸಿಳ್ಳೆ ಬರುತ್ತದೆ. ಸೋರಲು ಮುಖ್ಯ ಕಾರಣ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿರುವುದು. ಶಿಬಿರಗಳಲ್ಲಿ ಕೆಲವೊಮ್ಮೆ ಎಲ್ಲರಿಗೂ ಒಂದೇ ಅಳತೆಯ ರಬ್ಬರ್ ತುದಿ ಹಾಕಿ ಕಳಿಸುತ್ತಾರೆ. ಮಗಳ ಕಿವಿಯದೇ ಅಳತೆ ತೆಗೆದು ಮಾಡಿದ ಅಚ್ಚು ಬೇಕು. ಬೆಳೆಯುವ ಮಕ್ಕಳಲ್ಲಿ ಕಿವಿಯೂ ಬೆಳೆಯುವುದರಿಂದ ಅದನ್ನು ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕಾಗುತ್ತದೆ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೂ ಇದೇ ಸಿಳ್ಳೆ ಬರುತ್ತದೆ. ಹಾಗಾಗಿ ಮೊದಲು ಕಿವಿ ತೋರಿಸಿ, ನಂತರ ಶ್ರವಣತಜ್ಞರ (ಆಡಿಯಾಲಜಿಸ್ಟ್) ಬಳಿ ಹೋಗಿ, ಹೊಸ ಶ್ರವಣ ಪರೀಕ್ಷೆಯ ವರದಿಗೆ (ಆಡಿಯೋಗ್ರಾಮ್) ತಕ್ಕಂತೆ ಸಾಧನವನ್ನು ಹೊಂದಿಸಿಕೊಡಲು ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಎಲ್ಲ ಕೆಲಸ ಒಂದೇ ಕಡೆ ಆಗುತ್ತದೆ.

ಗುಂಡಿ ಬ್ಯಾಟರಿಯ ಹಿಂದಿನ ಅಂಟು ಕಾಗದ ಕಿತ್ತ ಕ್ಷಣದಿಂದಲೇ ಅದು ಖರ್ಚಾಗತೊಡಗುತ್ತದೆ, ಹಾಕಿಕೊಂಡರೂ ಇಲ್ಲದಿದ್ದರೂ. ಕಿತ್ತ ಮೇಲೆ ಒಂದು ನಿಮಿಷ ಗಾಳಿಗಿಟ್ಟು ಹಾಕಿ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬೇಡಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಬ್ಯಾಟರಿ ಕೈಗೆಟುಕದಿರಲಿ. ನುಂಗಿದರೆ ಪ್ರಾಣಕ್ಕೇ ಅಪಾಯ.

ತರಗತಿಯಲ್ಲಿ ಅವಳು ಮುಂದಿನ ಸಾಲಿನಲ್ಲಿ, ಫ್ಯಾನ್ ಮತ್ತು ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಲಿ. ಸಾಧನ ಶಿಕ್ಷಕರ ದನಿಯನ್ನಷ್ಟೇ ಅಲ್ಲ, ಬೆಂಚು ಎಳೆಯುವ ಸದ್ದನ್ನೂ ಅಷ್ಟೇ ಜೋರು ಮಾಡುತ್ತದೆ. ಬೋರ್ಡಿನತ್ತ ತಿರುಗಿ ಬರೆಯುತ್ತಲೇ ಮಾತಾಡಿದರೆ ಅವಳಿಗೆ ಪಾಠ ನಿಂತಂತೆಯೇ. ಇದನ್ನು ಶಿಕ್ಷಕರಿಗೆ ವಿನಯದಿಂದ ಹೇಳಿ. ಸಾಧನ ಕೆಟ್ಟಿದ್ದರೆ, ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ 12 ವರ್ಷದೊಳಗಿನ ಮಕ್ಕಳು ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದು; ದೊಡ್ಡವರಿಗೆ ಈ ಅವಧಿ ಮೂರು ವರ್ಷ.

ಪ್ರಶ್ನೆ: ಶಾಲೆಗೆ ರ‍್ಯಾಂಪ್ ಕಟ್ಟಿಸಿದೆವು. ಗಾಲಿಕುರ್ಚಿಯ ಹುಡುಗನನ್ನು ಈಗಲೂ ಇಬ್ಬರು ಎತ್ತಿಯೇ ಒಯ್ಯಬೇಕು. ಮತ್ತೆ ಕಟ್ಟಿಸುವುದಾದರೆ ಅಳತೆ ಏನು? ಹಣ ಎಲ್ಲಿಂದ?
— ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು, ಕೊಪ್ಪಳ ಜಿಲ್ಲೆ

ಉತ್ತರ: ಜಗಲಿಯ ಎತ್ತರದ ಹನ್ನೆರಡು ಪಟ್ಟು ಉದ್ದ, ಇದು ಮುಖ್ಯ ಸೂತ್ರ. ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಇಳಿಜಾರು ಬೇಕು. ಇರುವ ಜಾಗಕ್ಕೆ ಹೊಂದಿಸಲು ಮೇಸ್ತ್ರಿಗಳು ಆರೇಳು ಅಡಿಯಲ್ಲೇ ಮುಗಿಸುತ್ತಾರೆ. ಅದು ಬೈಕ್ ಹತ್ತಿಸಲು ಸರಿ, ಹುಡುಗನ ತೋಳಿಗಲ್ಲ. ನೇರ ಜಾಗವಿಲ್ಲದಿದ್ದರೆ ನಡುವೆ ಸಮತಟ್ಟಾದ ಕಟ್ಟೆ ಕೊಟ್ಟು ತಿರುಗಿಸಿ. ಅಗಲ 4 ಅಡಿ ಇರಲಿ. ಬಾಗಿಲ ಮುಂದೆ ಮತ್ತು ಕೆಳಗೆ 5 ಅಡಿಗೆ 5 ಅಡಿ ಸಮತಟ್ಟು ಬೇಕೇ ಬೇಕು. ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಎರಡೂ ಕಡೆ ಹಿಡಿಕೆ, ನೆಲದಿಂದ 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ. ನುಣುಪು ಟೈಲ್ಸ್ ಬೇಡ. ಹಸಿ ಸಿಮೆಂಟಿನ ಮೇಲೆ ಪೊರಕೆಯಿಂದ ಅಡ್ಡಗೆರೆ ಎಳೆಸಿ. ತರಗತಿಯ ಬಾಗಿಲಿನಲ್ಲಿ 90 ಸೆಂಟಿಮೀಟರ್ ತೆರಪಿದೆಯೇ, ಹೊಸ್ತಿಲು ಅಡ್ಡವಿದೆಯೇ ಎಂದೂ ನೋಡಿ.

ಶೌಚಾಲಯವನ್ನು ಮರೆಯಬೇಡಿ. ಅದರ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಕುರ್ಚಿ ಸುತ್ತಲು ಒಂದೂವರೆ ಮೀಟರ್ ಬಯಲು ಇರಬೇಕು. ಶೌಚಾಲಯ ಬಳಸಲಾಗದ ಮಗು ದಿನವಿಡೀ ನೀರು ಕುಡಿಯದೆ ಕೂರುತ್ತದೆ, ಇಲ್ಲವೇ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತದೆ.

ಹಣಕ್ಕೆ ಗ್ರಾಮ ಪಂಚಾಯಿತಿಯ ಶೇ 5ರ ವಿಕಲಚೇತನರ ಅನುದಾನ ಕೇಳಿ. ಅಳತೆ ಬರೆದ ನಕ್ಷೆಯೊಂದಿಗೆ ಎಸ್‌ಡಿಎಂಸಿ ಠರಾವು ಕೊಟ್ಟು, ಗ್ರಾಮಸಭೆಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಗುತ್ತಿಗೆದಾರರಿಗೆ ಬಿಲ್ ಪಾವತಿಸುವ ಮೊದಲು ಆ ಹುಡುಗನೇ ಕುರ್ಚಿಯಲ್ಲಿ ಹತ್ತಿ ಇಳಿದು ನೋಡಲಿ.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಡಿಸ್ಲೆಕ್ಸಿಯಾ ಇದೆ ಎಂದು ಖಾಸಗಿ ಕೇಂದ್ರವೊಂದು ವರದಿ ಕೊಟ್ಟಿದೆ. ಎಸ್ಸೆಸ್ಸೆಲ್ಸಿಯಲ್ಲಿ ಏನೇನು ರಿಯಾಯಿತಿ ಸಿಗುತ್ತದೆ? ಗಣಿತ ಬಿಡಿಸಬಹುದಂತೆ, ಬಿಡಿಸಲೇ?
— ಪೋಷಕರು, ತುಮಕೂರು

ಉತ್ತರ: ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಸೇರುವುದು ‘ನಿರ್ದಿಷ್ಟ ಕಲಿಕಾ ವೈಕಲ್ಯ’ಕ್ಕೆ; ಅದು 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಆದರೆ ಖಾಸಗಿ ವರದಿ ಸಾಲದು, ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಪರೀಕ್ಷೆಗೆ ನೋಂದಾಯಿಸುವಾಗಲೇ ಮುಖ್ಯ ಶಿಕ್ಷಕರು ಅದನ್ನು ಮಂಡಳಿಗೆ ಕಳಿಸಬೇಕು. ಪ್ರವೇಶಪತ್ರ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಈಗಲೇ, ಒಂಬತ್ತರಲ್ಲೇ, ಶುರುಮಾಡಿ.

ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು, ಭಾಷೆಯಲ್ಲಿ ವಿನಾಯಿತಿ ಮುಖ್ಯ ಸೌಲಭ್ಯಗಳು. ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎನ್ನುತ್ತದೆ. ಮೂರು ಗಂಟೆಗೆ ಒಂದು ಗಂಟೆ. ಆದರೆ ಲಿಪಿಕಾರರು ಸಿಕ್ಕರೆ ಸಾಕು ಎಂದುಕೊಳ್ಳಬೇಡಿ. ಹೇಳಿ ಬರೆಸುವುದು ಬೇರೆಯದೇ ವಿದ್ಯೆ. ಎಲ್ಲಿ ಪ್ಯಾರಾ, ಚಿತ್ರದ ಯಾವ ಭಾಗಕ್ಕೆ ಯಾವ ಹೆಸರು, ಸಮೀಕರಣದಲ್ಲಿ ಆವರಣ ಎಲ್ಲಿ ಮುಚ್ಚಬೇಕು, ಎಲ್ಲವನ್ನೂ ಅವನೇ ಹೇಳಬೇಕು. ಕನಿಷ್ಠ ಹತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹೀಗೆ ಬರೆಸಿ ಅಭ್ಯಾಸವಾಗಲಿ. ಶಾಲೆಯ ಕಿರುಪರೀಕ್ಷೆಗಳಲ್ಲೂ ಇದೇ ಸೌಲಭ್ಯ ಕೇಳಿ.

ಗಣಿತದ ಬದಲು ಸಮಾಜಶಾಸ್ತ್ರದಂಥ ವಿಷಯ ತೆಗೆದುಕೊಳ್ಳಲು ಅವಕಾಶವಿದೆ ನಿಜ. ಅವಸರಪಡಬೇಡಿ. ಗಣಿತ ಬಿಟ್ಟರೆ ಪಿಯು ವಿಜ್ಞಾನ, ಡಿಪ್ಲೊಮಾದ ದಾರಿ ಮುಚ್ಚುತ್ತದೆ. ಓದಲು ಕಷ್ಟಪಡುವ ಎಷ್ಟೋ ಮಕ್ಕಳಿಗೆ ಲೆಕ್ಕ ಬರುತ್ತದೆ, ಲೆಕ್ಕದ ವಾಕ್ಯ ಓದಲು ಬರುವುದಿಲ್ಲ. ನೀವು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿ, ಅವನು ಬಿಡಿಸುತ್ತಾನೋ ನೋಡಿ. ಬಿಡಿಸಿದರೆ ಗಣಿತ ಉಳಿಸಿಕೊಳ್ಳಿ. ಅಂಕಿಗಳೇ ತಲೆಕೆಳಗಾಗುತ್ತಿದ್ದರೆ, ವರ್ಷಗಳ ಪ್ರಯತ್ನ ಫಲಿಸದಿದ್ದರೆ, ಆಗ ಮಗನನ್ನೂ ಕೂರಿಸಿಕೊಂಡು ತೀರ್ಮಾನಿಸಿ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳಿಗೆ ಕೇಂದ್ರದ ವಿದ್ಯಾರ್ಥಿವೇತನ ಒಳ್ಳೆಯದೋ, ರಾಜ್ಯದ್ದೋ? ಎರಡಕ್ಕೂ ಹಾಕಬಹುದೇ?
— ಓದುಗರು, ಮಂಡ್ಯ

ಉತ್ತರ: ಒಂದನ್ನೇ ಪಡೆಯಬಹುದು. ಕೇಂದ್ರದ ಮೆಟ್ರಿಕ್ ಪೂರ್ವ ವೇತನ 9 ಮತ್ತು 10ನೇ ತರಗತಿಗೆ ಮಾತ್ರ. ವೈಕಲ್ಯ ಶೇ 40 ಅಥವಾ ಹೆಚ್ಚು, ಪೋಷಕರ ವಾರ್ಷಿಕ ಆದಾಯ 2.5 ಲಕ್ಷದೊಳಗೆ ಇರಬೇಕು. ಮನೆಯಿಂದ ಹೋಗುವವರಿಗೆ ತಿಂಗಳಿಗೆ 500, ಹಾಸ್ಟೆಲಿನವರಿಗೆ 800 ರೂಪಾಯಿ; ವರ್ಷಕ್ಕೆ ಪುಸ್ತಕಕ್ಕೆ 1,000; ಅದಲ್ಲದೆ ವೈಕಲ್ಯಕ್ಕೆ ತಕ್ಕಂತೆ 2,000ದಿಂದ 4,000 ರೂಪಾಯಿ ಭತ್ಯೆ. ರಾಜ್ಯದ್ದಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅರ್ಜಿ. ಮೊತ್ತ ಹೋಲಿಸಿ ಹೆಚ್ಚು ಸಿಗುವ ಕಡೆ ಹಾಕಿ.

ಕೇಂದ್ರದ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದರೆ ಅಲ್ಲಿಗೆ ಮುಗಿಯುವುದಿಲ್ಲ, ಶಾಲೆಯ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಎಷ್ಟೋ ಅರ್ಜಿಗಳು ಅಲ್ಲೇ ಕೂತು ಗಡುವು ದಾಟುತ್ತವೆ. ಸಲ್ಲಿಸಿದ ವಾರದಲ್ಲೇ ಅರ್ಜಿ ಸಂಖ್ಯೆ ಬರೆದುಕೊಂಡು ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ತಿದ್ದುಪಡಿಗೆಂದು ಅರ್ಜಿ ಹಿಂದಿರುಗಿದೆಯೇ ಎಂದು ಹತ್ತು ದಿನಕ್ಕೊಮ್ಮೆ ಲಾಗಿನ್ ಆಗಿ ನೋಡುತ್ತಿರಿ.