ಸ್ಪ್ಯಾನಿಷ್‌ನ ‘ತೊಮಾರ್’ ಕ್ರಿಯಾಪದವನ್ನು ಬಳಸುವುದು ಹೇಗೆ?
ಚಿಕ್ಕಮಗಳೂರಿನ ಹೋಂಸ್ಟೇ ನಡೆಸುವ ನೀವು ಅತಿಥಿಗಳೊಡನೆ ಮಾತಾಡಲು ಈ ಪದವನ್ನೇ ಆರಿಸಿದ್ದು ಬಹಳ ಒಳ್ಳೆಯದಾಯಿತು. ‘ತೆಗೆದುಕೊಳ್ಳು’ ಎಂಬುದು ಮೂಲ ಅರ್ಥವಾದರೂ ಕಾಫಿ ಕುಡಿಯುವುದಕ್ಕೂ ಇದೇ ಪದ.

ಕೊನೆಯ ‘ಆರ್’ ತೆಗೆದು ಪ್ರತ್ಯಯ ಹಚ್ಚಿ: ನಾನು ತೋಮೊ, ನೀನು ತೋಮಸ್, ಅವನು ತೋಮ, ನಾವು ತೊಮಾಮೊಸ್, ಅವರು ತೋಮನ್. ‘ನೀವೆಲ್ಲ’ ಎನ್ನಲು ಸ್ಪೇನಿನಲ್ಲಿ ತೊಮಾಯ್ಸ್, ಲ್ಯಾಟಿನ್ ಅಮೆರಿಕದಲ್ಲಿ ತೋಮನ್. ಒತ್ತು ಬೀಳುವಲ್ಲಿ ದೀರ್ಘ ಬರೆದಿದ್ದೇನೆ.

‘ಕುಡಿಯುತ್ತೇನೆ’ ಎಂದಾಗ ‘ನಾನು’ ಬೇಕಿಲ್ಲವಲ್ಲ, ಹಾಗೆಯೇ ‘ತೋಮೊ ಕಫೇ’ ಎಂದರೆ ಸಾಕು. ಕುಡಿಯುತ್ತಾನೆ, ಕುಡಿಯುತ್ತಾಳೆ ಎಂಬ ಭೇದವೂ ಇಲ್ಲ, ಎರಡಕ್ಕೂ ತೋಮ.

ನಾವು ಎಡವುವುದು ಗೌರವದ ಜಾಗದಲ್ಲಿ. ನಮ್ಮ ‘ನೀವು’ ಬಹುವಚನ ಕ್ರಿಯಾಪದ ಬೇಡುತ್ತದೆ; ಅವರ ಗೌರವದ ‘ನೀವು’ ಆದ ‘ಉಸ್ತೇದ್’ ‘ಅವನು’ವಿನ ರೂಪವನ್ನೇ ಬೇಡುತ್ತದೆ. ಆದ್ದರಿಂದ ಒಬ್ಬ ಅತಿಥಿಯನ್ನು ಕೇಳುವಾಗ: ‘ತೋಮ ಉಸ್ತೇದ್ ಕಫೇ?’